ಒಲಿಂಪಿಕ್ಸಿನ ಊಟ

ಇಂಡಿ ಎಂಬ ಊರಲ್ಲಿ ಖಾನಾವಳಿ ನಡೆಸುವ ಚಮನಸಾಬನಿಗೆ ಒಲಿಂಪಿಕ್ಸ್ ಎಂದರೆ ದೊಡ್ಡದೊಂದು ಲಗ್ನ; ಕರೆದವರು ಏನು ಉಣಬಡಿಸಿದರು ಎಂಬುದೇ ಅವನ ಚಿಂತೆ. ದಿನಾ ಊಟಕ್ಕೆ ಬರುವ ಗುರಪ್ಪ ಮಾಸ್ತರರು ಪತ್ರಿಕೆ ಬಿಚ್ಚಿದರೆ ಸಾಕು, ಸೌಟು ಹಿಡಿದೇ ಓಡಿಬರುತ್ತಾನೆ. ಎಂಟು ವರ್ಷದ ಹಿಂದೆ ಆಟ ನಡೆದ ಹೆಲ್ಸಿಂಕಿ ಚಳಿಯ ಊರೆಂದು ಕೇಳಿ, "ಸಾರಿಗೆ ಖಾರ ಚಲೋ ಹಾಕ್ಯಾರೋ ಇಲ್ಲೋ?" ಎಂದು ಕಳವಳಪಟ್ಟಿದ್ದ. ಮುಂದಿನ ಸಲ ಮೆಲ್ಬರ್ನಿನವರು ಪರದೇಶದ ಕುದುರೆಗಳನ್ನು ಒಳಗೆ ಬಿಡಲಿಲ್ಲ, ಕುದುರೆಯಾಟ ಸ್ವೀಡನ್ನಿನಲ್ಲಿ ನಡೆಯಿತು ಎಂದಾಗಲಂತೂ ಸೌಟು ಕುಕ್ಕಿದ್ದ: "ಬೀಗರ ಎತ್ತಿಗೆ ಕಣಕಿ ಹಾಕಲಾರದವ್ರು ಲಗ್ನ ಯಾಕ ಇಟ್ಕೋಬೇಕ್ರಿ?" ಈಗ ರೋಮಿನ ಸರದಿ. ಮಾಸ್ತರರು ಗೆದ್ದವರ ಹೆಸರು ಓದುವಾಗ ಅವನದು ಒಂದೇ ಪ್ರಶ್ನೆ: "ಸೋತವ್ರು ಉಂಡ್ರೇನ್ರಿ?" ಎಲ್ಲರೂ ನಗುತ್ತಾರೆ. ಹರೆಯದಲ್ಲಿ ಪರವೂರ ಕುಸ್ತಿಯಲ್ಲಿ ಚಮನಸಾಬ ಬಿದ್ದ ದಿನ, ಗೆದ್ದವನಿಗೆ ಜಾಗ ಬೇಕೆಂದು ಅವನನ್ನು ಪಂಕ್ತಿಯಿಂದ ಎಬ್ಬಿಸಿದ್ದರು. ತಾಟಿನಲ್ಲಿ ಮುರಿದ ರೊಟ್ಟಿ ಹಾಗೇ ಉಳಿದಿತ್ತು.