ಬಿರುಕುದಂಡೆಗೆ ಹೋಗಿ ಬಂದದ್ದು

ಎಂಬತ್ತರ ದಶಕದ ಒಂದು ನವೆಂಬರಿನಲ್ಲಿ ಚನ್ನಗಿರಿ ಬಿಟ್ಟು, ದಾವಣಗೆರೆ, ಹುಬ್ಬಳ್ಳಿಗಳಲ್ಲಿ ಬಸ್ಸು ಬದಲಿಸಿ ಗೋವಾ ಬಂದರು ಸೇರಿದೆ. ದಕ್ಷಿಣ ಧ್ರುವದ ಕಡೆ ಹೊರಟ ಹಡಗಿನಲ್ಲಿ ನನ್ನದು ನಕ್ಷೆ ಬರೆಯುವ ಕೆಲಸ. ಹಿಮದ ಮೇಲೆ ಗಾಡಿ ಓಡಿಸಲು ಜಗಳೂರಿನ ತಿಪ್ಪಣ್ಣ ಬಂದಿದ್ದ. ಊರಲ್ಲಿ ಟ್ರ್ಯಾಕ್ಟರ್ ಓಡಿಸಿದವನು. ಇಡೀ ಹಡಗಿನಲ್ಲಿ ಕನ್ನಡ ನಮ್ಮಿಬ್ಬರದೇ. ಮೊದಲ ವಾರ ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ನಾನು ಒಯ್ದಿದ್ದ ಶೇಂಗಾ ಚಟ್ನಿಪುಡಿಯನ್ನು ಅನ್ನಕ್ಕೆ ಕಲಸಿ ತಿಂದು ಬದುಕಿದೆವು.

ತಿಂಗಳ ಮೇಲೆ ಹಿಮದ ದಂಡೆ ಕಂಡಿತು. ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಗಡಿಯಾರ ನೋಡಿ ಉಣ್ಣಬೇಕು. ದಂಡೆ ಅಳೆದು, ಹೆಸರಿಲ್ಲದ ಜಾಗಗಳಿಗೆ ಹೆಸರು ಬರೆಯಬೇಕಿತ್ತು. ಮೂರನೆಯ ದಿನ ಒಂದು ಸಪಾಟು ಜಾಗದಲ್ಲಿ ತಿಪ್ಪಣ್ಣ ಗಾಡಿ ನಿಲ್ಲಿಸಿ, ಇಳಿದು ಹಾರೆಯಿಂದ ಕುಟ್ಟಿದ. ಹಾರೆ ಕೈಜಾರಿ ಒಳಗೇ ಹೋಯಿತು. ಮೇಲೆ ಗೇಣು ದಪ್ಪದ ಹಿಮ, ಕೆಳಗೆ ತಳ ಕಾಣದ ಬಿರುಕು. ನಾನು ಗಾಡಿಯಿಂದ ಇಳಿಯಲೇ ಇಲ್ಲ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

"ಬಿರುಕುದಂಡೆ ಅಂತ ಬರೀರಿ," ಎಂದ ತಿಪ್ಪಣ್ಣ. "ನಮ್ಮ ಕಡೆ ಹಾಳುಬಾವಿ ಐತೆ ಅಂದ್ರೆ ಆ ಹೊಲಕ್ಕೆ ಹಾಳುಬಾವಿ ಹೊಲ ಅಂತ್ಲೇ ಹೆಸರು. ಗೊತ್ತಿಲ್ದೋರು ಬಂದು ಬೀಳಬಾರ್ದು ನೋಡ್ರಿ."

ಆದರೆ ತಂಡದ ನಾಯಕರು ಆ ಜಾಗಕ್ಕೆ ದೆಹಲಿಯ ತಮ್ಮ ಮೇಲಧಿಕಾರಿಯ ಹೆಸರು ಗೊತ್ತುಮಾಡಿದ್ದರು. ಆ ಪುಣ್ಯಾತ್ಮ ಹಿಮ ಕಂಡಿದ್ದರೆ ಫ್ರಿಜ್ಜಿನಲ್ಲಿ ಕಂಡಿರಬೇಕು. ನನಗೆ ಸಿಟ್ಟು ನೆತ್ತಿಗೇರಿತು.

"ಆ ಹೆಸರು ಓದಿ ಯಾರೂ ಎಚ್ಚರ ವಹಿಸುವುದಿಲ್ಲ. ಮುಂದೆ ಬರುವವರು ಗಾಡಿ ಸಮೇತ ಒಳಗೆ ಹೋಗುತ್ತಾರೆ. ನಾನು ಬರೆಯುವುದಿಲ್ಲ," ಎಂದು ಮುರುಕು ಹಿಂದಿಯಲ್ಲಿ ಹೇಳಿದೆ.

"ಹಾಗಾದರೆ ಮುಂದಿನ ವರ್ಷ ನೀವೂ ಬರುವುದಿಲ್ಲ," ಎಂದರು ನಾಯಕರು.

ಬೇಡ ಬಿಡಿ ಎಂದೆ. ತಿಪ್ಪಣ್ಣ ನಕ್ಕ: "ಹೋಗ್ಲಿ ಬಿಡ್ರಿ. ಚನ್ನಗಿರ್ಯಾಗೆ ಅಳೆಯಾಕೆ ನೆಲಕ್ಕೇನು ಬರಾನಾ?"

ನಕ್ಷೆಯಲ್ಲಿ ಆ ಜಾಗ ಖಾಲಿ ಉಳಿಯಿತು. ನಾವಿಬ್ಬರೂ ಹಟ ಹಿಡಿದು ವೈರ್‌ಲೆಸ್ಸಿನಲ್ಲಿ ಬಿರುಕುದಂಡೆ ಎಂದೇ ಎಲ್ಲರನ್ನೂ ಎಚ್ಚರಿಸುತ್ತಿದ್ದೆವು. ಪಂಜಾಬಿ, ಬಂಗಾಳಿಗಳ ಬಾಯಿಗೂ ಆ ಹೆಸರು ಹತ್ತಿತು.

ವಾಪಸು ಹೊರಡುವ ದಿನ ಗಾಳಿಯೆದ್ದು ಹಿಮ ಹಾರತೊಡಗಿತು. ಹಡಗಿಗೆ ಮರಳುತ್ತಿದ್ದ ಕೊನೆಯ ಗಾಡಿ, ಇಬ್ಬರು ವಿಜ್ಞಾನಿಗಳು ತಾವೇ ಓಡಿಸುತ್ತಿದ್ದದ್ದು, ದಾರಿ ತಪ್ಪಿ ಆ ಬಿರುಕಿನ ಕಡೆಗೇ ತಿರುಗಿತು. ಹಡಗಿನ ಮೇಲಿಂದ ನೋಡುತ್ತಿದ್ದ ನಾಯಕರು ನನ್ನ ಕೈಯಿಂದ ವೈರ್‌ಲೆಸ್ ಕಸಿದುಕೊಂಡರು. ಮೇಲಧಿಕಾರಿಯ ಹೆಸರು ಅವರ ಬಾಯಿಗೆ ಬರಲಿಲ್ಲ. ಕನ್ನಡದ ಒಂದಕ್ಷರ ಬಾರದ ಮನುಷ್ಯ "ಬಿರುಕುದಂಡೆ, ಬಿರುಕುದಂಡೆ" ಎಂದು ಕೂಗಿದರು. ಗಾಡಿ ನಿಂತಿತು.

ಇಬ್ಬರೂ ಹಡಗು ಹತ್ತಿದ ಮೇಲೆ ನಾನು ಮಸಿ ಬಾಟಲಿ ತೆರೆದು, ನಾಯಕರ ಮುಂದೆಯೇ ಆ ಖಾಲಿ ಜಾಗದಲ್ಲಿ ಹೆಸರು ಬರೆದೆ. ಅವರು ಹಿಂದೆ ಸರಿಯುತ್ತಿದ್ದ ದಂಡೆಯನ್ನೇ ನೋಡುತ್ತಿದ್ದರು. ಮಸಿ ಆರಿದ ಮೇಲೆ ನಕ್ಷೆಯ ಕೆಳಗೆ ಸಹಿ ಹಾಕಿದರು.