ಲಾಂಡ್ರಿ ಅಕ್ಕನ ಕರ್ಚೀಫು

ನಾಟಕ, ಹಾಡು, ಕುಣಿತ ಎಲ್ಲಾ ಹೊಟ್ಟೆ ತುಂಬಿದವರ ತೀಟೆ ಅನ್ನೋದು ಲಾಂಡ್ರಿ ಅಕ್ಕನ ಖಡಾಖಂಡಿತ ಅಭಿಪ್ರಾಯ. ಹಾಗಿದ್ದೂ ನಗರದಂಚಿನ ಆ ಬಡಾವಣೆಯಲ್ಲಿ ಕಲೆ ಅಂತ ಏನಾದರೂ ಉಸಿರಾಡುತ್ತಿದ್ದರೆ ಅದು ಅವಳ ದಯೆಯಿಂದಲೇ. ನಗುವವರು ನಗಲಿ, ಸಂಗತಿ ಹಾಗಿತ್ತು.

ನಗರಸಭೆಯವರು ಒಂದು ಸಮುದಾಯ ಭವನ ಕಟ್ಟಿಸಿ, ಅಲ್ಲಿ ಆಡುವ ತಂಡಗಳಿಗೆ ಅನುದಾನ ಕೊಡುತ್ತಿದ್ದರು. ಕೊಡಬೇಕೋ ಬೇಡವೋ ಅಂತ ತೀರ್ಮಾನಿಸಲು ಒಬ್ಬ ಅಧಿಕಾರಿ ಬರುತ್ತಿದ್ದ. ಆ ಪುಣ್ಯಾತ್ಮ ವೇದಿಕೆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕುರ್ಚಿ ತುಂಬಿದೆಯಾ, ಚಪ್ಪಾಳೆ ಬಿತ್ತಾ, ಅಷ್ಟೇ ಅವನ ವಿಮರ್ಶೆ. ದನ ಕೊಳ್ಳುವವನಾದರೂ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ.

ಕುರ್ಚಿ ತುಂಬಿಸುವ ಕೆಲಸ ಅಕ್ಕನ ಪಾಲಿಗೆ ಬಂತು. ಇಸ್ತ್ರಿಗೆ ಬಟ್ಟೆ ತಂದವರಿಗೆಲ್ಲ, "ಸಂಜೆ ಭವನಕ್ಕೆ ಬಂದು ಕೂತ್ಕೊಳ್ಳಿ, ಟೀ ಬಿಸ್ಕತ್ತು ಪುಕ್ಕಟೆ. ಬರ್ಲಿಲ್ವೋ, ನಿಮ್ಮ ಶರ್ಟು ಮುಂದಿನ ವಾರ" ಅಂತ ಹೆದರಿಸುತ್ತಿದ್ದಳು. ಆ ಮಂದಿಗೆ ಎಲ್ಲಿ ಕೈ ತಟ್ಟಬೇಕು ಅಂತ ತಿಳಿಯಬೇಕಲ್ಲ? ಅದಕ್ಕೆ ಮುಂದಿನ ಸಾಲಿನ ತುದಿಯಲ್ಲಿ, ಎಲ್ಲರಿಗೂ ಕಾಣುವಂತೆ ಓರೆಯಾಗಿ ಕೂತು, ಗಂಜಿ ಹಾಕಿದ ಬಿಳಿ ಕರ್ಚೀಫನ್ನು ಮುಖಕ್ಕೆ ಎತ್ತುತ್ತಿದ್ದಳು. ಕರ್ಚೀಫು ಎದ್ದರೆ ಸಾಕು, ಭವನ ಗುಡುಗುತ್ತಿತ್ತು. ತೂಕಡಿಸುತ್ತಿದ್ದವನೂ ತಟ್ಟುತ್ತಿದ್ದ.

ಇಷ್ಟೆಲ್ಲ ಯಾರಿಗಾಗಿ? ತಮ್ಮನಿಗಾಗಿ. ಹಗಲೆಲ್ಲ ಅಂಗಡಿಗಳ ಬೋರ್ಡು ಬರೆದು, ಸಂಜೆಯಾದರೆ ನಾಟಕದ ಹುಚ್ಚು ಹತ್ತಿಸಿಕೊಳ್ಳುವ ತಮ್ಮ. "ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ" ಅಂತ ಅವನ ಮುಖದ ಮೇಲೇ ಹಂಗಿಸುತ್ತಿದ್ದಳು.

ಈ ಸಲ ಅವನೇ ಬರೆದ ನಾಟಕ. ಅಂಗಡಿಗೆ ಬಂದು ಗೋಗರೆದ. "ಅಕ್ಕಾ, ನಿನ್ನ ದಂಡು ಬೇಡ ಕಣೇ. ಕೊನೇಲಿ ಮಾತೇ ಇಲ್ಲದ ಒಂದು ದೃಶ್ಯ ಇದೆ. ನಾಲ್ಕೇ ಜನ ಬರ್ಲಿ, ನಿಜವಾಗಿ ನೋಡೋರು ಬರ್ಲಿ. ನನ್ನ ನಾಟಕ ಒಂದು ಜೀವಕ್ಕಾದ್ರೂ ಮುಟ್ಟುತ್ತಾ, ಒಂದ್ಸಲ ನೋಡ್ಬೇಕು."

"ಖಾಲಿ ಕುರ್ಚಿ ನೋಡಿದ್ರೆ ಅನುದಾನ ನಿಲ್ಲಿಸ್ತಾರೆ. ಆಮೇಲೆ ನಿನ್ನ ಬೋರ್ಡುಗಳ ಮುಂದೆ ಕುಣಿ!" ಅಕ್ಕ ಇಸ್ತ್ರಿಪೆಟ್ಟಿಗೆ ಕುಕ್ಕಿದಳು. "ಜನ ಬರ್ತಾರೆ. ಆ ದೃಶ್ಯಕ್ಕೆ ಮಾತ್ರ ಕರ್ಚೀಫು ಎತ್ತಲ್ಲ, ಸಾಕಾ?"

"ಆಣೆಗೂ?"

"ಹೋಗೋ, ಆಣೆಯಂತೆ ಆಣೆ!"

ಭವನ ಕಿಕ್ಕಿರಿಯಿತು. ಕೊನೆಯ ದೃಶ್ಯ. ಹೆಂಡತಿ ಸತ್ತ ಮುದುಕನ ವೇಷದಲ್ಲಿ ತಮ್ಮ ಅವಳ ಬಟ್ಟೆಗಳನ್ನು ಒಂದೊಂದಾಗಿ ಮಡಿಸತೊಡಗಿದ. ರವಿಕೆಯ ಕತ್ತಿನಂಚನ್ನು ಅಂಗೈಯಿಂದ ನೇವರಿಸಿ, ತೋಳು ಒಳಕ್ಕೆ ಸರಿಸಿ, ಮಡಿಕೆಯ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿದ. ಅಕ್ಕ ಗುರುತು ಹಿಡಿದಳು. ಅದು ಅವರಮ್ಮನ ಮಡಿಕೆ! ಆ ಲಾಂಡ್ರಿ ಶುರು ಮಾಡಿದ ಅಮ್ಮ, ಹಾಸಿಗೆ ಹಿಡಿಯುವವರೆಗೂ ಹೀಗೇ ಮಡಿಸಿ ಹೀಗೇ ತಟ್ಟುತ್ತಿದ್ದಳು. ಈ ದಡ್ಡ ಇದನ್ನೆಲ್ಲ ಯಾವಾಗ ನೋಡಿಟ್ಟುಕೊಂಡ? ಅಕ್ಕನಿಗೆ ಅಳು ಒತ್ತರಿಸಿ ಬಂತು. ಕಣ್ಣೊರೆಸಲು ಕೈ ತಾನಾಗಿ ಕರ್ಚೀಫು ಎತ್ತಿತು.

ಭವನ ಗುಡುಗಿತು. ಹಿಂದಿನಿಂದ ಯಾವನೋ ಶಿಳ್ಳೆ ಬೇರೆ ಹೊಡೆದ. ತಮ್ಮನ ಕೈಯ ಬಟ್ಟೆ ಅರ್ಧ ಮಡಿಕೆಯಲ್ಲೇ ನಿಂತಿತು. ಅಧಿಕಾರಿ ಮಾತ್ರ ಹಿಗ್ಗಿ ಹೀರೆಕಾಯಿ. "ಏನು ಸ್ಪಂದನೆ, ಏನು ಸ್ಪಂದನೆ! ಅನುದಾನ ಹೆಚ್ಚಿಸೋಣ" ಎಂದು ಅಲ್ಲೇ ಸಾರಿದ. ಥೂ, ಇವನ ವಿಮರ್ಶೆಗಿಷ್ಟು ಬೆಂಕಿ ಹಾಕ.

ಮರುದಿನ ತಮ್ಮ ಅಂಗಡಿಗೆ ಬಂದ. ಬಣ್ಣ ಮೆತ್ತಿದ ಕೈಯನ್ನು ಇಸ್ತ್ರಿ ಮೇಜಿನ ತುದಿಗೆ ಊರಿ ಕೇಳಿದ. "ಎತ್ತಲ್ಲ ಅಂದಿದ್ದೆ. ನಿಜ ಹೇಳಕ್ಕಾ, ಅಳು ಬಂತಾ ನಿಂಗೆ?"

ಮುಖದಲ್ಲಿ ಆಸೆ ಇತ್ತು, ಪಾಪ. ಹೂಂ ಅಂದಿದ್ದರೆ ಸಾಕಿತ್ತು. ಆದರೆ ಹುಟ್ಟಿದಾಗಿನಿಂದ ಅವನನ್ನು ಹಂಗಿಸಿಯೇ ರೂಢಿಯಾದ ಬಾಯಿ ಅದು.

"ಅಳೋದಾ? ನಿನ್ನ ನಾಟಕಕ್ಕಾ? ಅಧಿಕಾರಿ ಎದ್ದು ಹೋಗೋ ಹಾಗಿದ್ದ, ಅದಕ್ಕೇ ಎತ್ತಿದೆ."

"ಹಾಗಾ," ಎಂದ ತಮ್ಮ. ಮೇಜಿನ ಮೇಲಿನ ಕೈ ತೆಗೆದು ಹೊರಟುಹೋದ.

ಅನುದಾನ ಬಂತು, ಮೆತ್ತನೆಯ ಹೊಸ ಕುರ್ಚಿಗಳೂ ಬಂದವು. ತಮ್ಮ ಮತ್ತೆ ವೇದಿಕೆ ಹತ್ತಲಿಲ್ಲ. ಈಗ ಬೋರ್ಡು ಮಾತ್ರ ಬರೆಯುತ್ತಾನೆ. ಭವನದ ಬಾಗಿಲ ಮೇಲಿನ ಹೊಸ ಬೋರ್ಡೂ ಅವನು ಬರೆದದ್ದೇ.