ಇಳಿಯುವವರಿಗಾಗಿ ಗಂಟು ಹೊತ್ತು ನಿಂತದ್ದು

ಮೊಮ್ಮಗಳು ಬಂದಳು! ನನ್ನ ಮಗನ ಚೊಚ್ಚಲ ಕೂಸು ಹೊಳೆನರಸೀಪುರದ ತಾಯಿಯ ತವರಿನಿಂದ ರೈಲಿನಲ್ಲಿ ಬಂದು, ಕೃಷ್ಣರಾಜನಗರದಲ್ಲಲ್ಲ, ನಮ್ಮೂರ ಹಾಲ್ಟಿನಲ್ಲೇ ಇಳಿಯಿತು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಇದನ್ನು ಬರೆಯದೆ ಇರಲಾರೆ.

ನಮ್ಮ ಹಾಲ್ಟೆಂದರೆ ಹಳಿಯ ಪಕ್ಕ ಊರ ಹೆಸರಿನ ಹಲಗೆ, ಒಂದು ಬೇವಿನ ಮರ, ಒಂದು ಮಣ್ಣಿನ ದಿಬ್ಬ, ಅಷ್ಟೆ. ಮಾಸ್ತರಿಲ್ಲ, ಗಂಟೆಯಿಲ್ಲ. ಟಿಕೆಟ್ಟು ಕೊಡುವವರೂ ರೈಲಿನ ಗಾರ್ಡೇ. ದಿಬ್ಬದ ಮೇಲೆ ಹತ್ತುವವರು ಕಂಡರೆ ರೈಲು ನಿಲ್ಲುತ್ತಿತ್ತು. ಯಾರೂ ಕಾಣದಿದ್ದರೆ, ಒಳಗಿದ್ದವರು ಎಷ್ಟು ಕೂಗಿಕೊಂಡರೂ ಮುಂದಿನ ಸ್ಟೇಷನ್ನು ಕೃಷ್ಣರಾಜನಗರವೇ ಗತಿ. ಅದಕ್ಕೇ ನಮ್ಮೂರಲ್ಲೊಂದು ರೂಢಿ ಬಿದ್ದಿತ್ತು: ನೆಂಟರು ಬರುವ ದಿನ ಮನೆಯವರು ಗಂಟುಮೂಟೆ ಹೊತ್ತು, ತಾವೇ ಪ್ರಯಾಣ ಹೊರಟವರ ಹಾಗೆ ನಿಲ್ಲುವುದು.

ನಮ್ಮ ಯಜಮಾನರಿಗೆ ಇದು ಬೇಡವಾಗಿತ್ತು. "ಕೃಷ್ಣರಾಜನಗರದಾಗೇ ಇಳಿಸ್ಕೊಂಡು ಗಾಡೀಲಿ ಕರ್ಕೊಂಡ್ ಬತ್ತೀನಿ, ಬುಡು. ಎಣ್ಣುಮಗೀಗೆ ಯಾರಾದ್ರೂ ರೈಲು ನಿಲ್ಲಿಸ್ತಾರಾ?" ಎಂದರು.

"ಗಂಡಾಗಿದ್ರೆ ವಾಲಗದೋರ್ನ ಕಟ್ಕೊಂಡು ನೀವೇ ಓಗಿ ನಿಂತಿರೋರು! ಸುಮ್ಕಿರಿ. ಆ ದಿಬ್ಬಕ್ಕೆ ಮಣ್ಣು ಒತ್ತೋಳು ನಾನು. ನನ್ ಮೊಮ್ಮಗಳು ಅದ್ರ ಮ್ಯಾಲೇ ಇಳೀಬೇಕು ಕಣ್ರೀ."

ಹೊತ್ತದ್ದು ನಿಜ. ರೈಲಿನ ಮೆಟ್ಟಿಲಿಗೆ ಕಾಲು ನಿಲುಕದೆ ಒದ್ದಾಡಿ ಬೇಸತ್ತ ನಾವು ಹೆಂಗಸರೇ ಬುಟ್ಟಿಯಲ್ಲಿ ಮಣ್ಣು ಹೊತ್ತು ಏರಿಸಿದ ದಿಬ್ಬ ಅದು.

ಮಗ ಖಾಲಿ ಟ್ರಂಕು ಹೊತ್ತ. ನಾನು ತಲೆಯ ಮೇಲೆ ಕಂಬಳಿ ಗಂಟಿಟ್ಟುಕೊಂಡು, ಕೈಯಲ್ಲಿ ಅರಿಸಿನ ಸುಣ್ಣ ಕದಡಿದ ಆರತಿ ತಟ್ಟೆ ಹಿಡಿದು ನಿಂತೆ. ರೈಲು ಬಂತು. ನಿಲ್ಲುವ ಲಕ್ಷಣವೇ ಇಲ್ಲ! ದಿಬ್ಬದ ಅಂಚಿಗೇ ಹೋಗಿ ನಿಂತೆ. ಚಕ್ರ ಕಿರುಗುಟ್ಟಿ, ಕೊನೆಗೂ ನಿಂತಿತು.

ಗಾರ್ಡು ಇಳಿದು ಬಂದರು. "ಎಲ್ಲಿಗಮ್ಮಾ ಟಿಕೆಟ್ಟು?"

"ಎಲ್ಲಿಗೂ ಇಲ್ಲ ಸ್ವಾಮಿ. ನಮ್ ಸೊಸೆ ಇಳೀಬೇಕು."

"ಮತ್ತೆ ಈ ಗಂಟು?"

"ಗಂಟಿಲ್ದಿದ್ರೆ ನೀವೆಲ್ಲಿ ನಿಲ್ಲಿಸ್ತಿದ್ರಿ?"

ಅಷ್ಟರಲ್ಲಿ ಸೊಸೆ ಕುಲಾವಿ ತೊಡಿಸಿದ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಳು. "ತಡಿಯವ್ವ, ಆರತಿ ಆಗ್ಲಿ" ಎಂದೆ.

ಗಾರ್ಡು ಸೀಟಿ ಎತ್ತಿದರು. "ಆರತಿ ಮನೇಲಿ ಮಾಡಮ್ಮ, ಲೇಟಾಗುತ್ತೆ!"

"ನಮ್ಮೂರು ಸುರುವಾಗಾದೇ ಇಲ್ಲಿಂದ. ದೃಷ್ಟಿ ತೆಗೀದೆ ಕಾಲಿಡಂಗಿಲ್ಲ. ಮಾಸ್ತರಿಲ್ಲದ ಟೇಸನ್ನು, ಇವತ್ತು ನಾನೇ ಮಾಸ್ತರು. ಸೀಟಿ ಊದಬ್ಯಾಡಿ!"

ಕಿಟಕಿಗಳ ತುಂಬ ಮುಖಗಳು. "ಎತ್ತಜ್ಜಿ, ಎತ್ತು!" ಎಂದು ಯಾರೋ ಕೂಗಿದರು. ಗಾರ್ಡು ನಕ್ಕುಬಿಟ್ಟರು. ನಾನು ಅವಸರಪಡಲಿಲ್ಲ. ನಿಧಾನವಾಗಿ ಆರತಿ ಎತ್ತಿ, ಕೆಂಪು ನೀರನ್ನು ಹಳಿಯ ಪಕ್ಕ ಚೆಲ್ಲಿ, ಕೂಸನ್ನು ಎದೆಗವಚಿಕೊಂಡೆ. ಆಮೇಲೇ ರೈಲು ಹೊರಟದ್ದು.

ಯಜಮಾನರು ಎತ್ತು ಕಟ್ಟಿದ ಗಾಡಿಯ ಪಕ್ಕ ಮನೆಮುಂದೆಯೇ ನಿಂತಿದ್ದರು. "ನಿಲ್ತಾ?" ಎಂದರು.

"ನಿಲ್ದೆ?" ಎಂದೆ.

ಅವರು ಕೂಸಿಗೆ ಕೈ ಚಾಚಿದರು.

ಸಂಜೆ ಮುದ್ದೆ, ಹಿತಕಿದ ಅವರೆಬೇಳೆ ಸಾರು, ಪಾಯಸ. ಗಂಡಸರು ಉಂಡ ಮೇಲೆ ಹೆಂಗಸರು ಉಣ್ಣುವುದು ನಮ್ಮ ಮನೆಯ ಪದ್ಧತಿ. ಅವತ್ತು ನಾನು ಪಾತ್ರೆಗಳನ್ನೆಲ್ಲ ನಡುವೆ ತಂದಿಟ್ಟು, ಯಜಮಾನರ ಎದುರಿಗೇ ಸೊಸೆಗೂ ನನಗೂ ಎಲೆ ಹಾಕಿದೆ. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡೆ, ಎಲ್ಲರೂ ಒಟ್ಟಿಗೆ ಉಂಡೆವು.